ಅರವತ್ತನೆಯ ವಾಲ್ವ್

ಇನ್ನು ಒಂದೇ ಒಂದು ಉಳಿದಿತ್ತು, ಅದೂ ಕೋಗಿಲಿನಲ್ಲಿ.

ಬೆಳಿಗ್ಗೆ ಯೋಗಾನಂದ ಕಂಪ್ಯೂಟರಿನ ಮುಂದೆ ಕುಳಿತಾಗ ನಕ್ಷೆಯ ಮೇಲೆ ಹನ್ನೊಂದು ಕೆಂಪು ಚುಕ್ಕೆಗಳಿದ್ದವು. ಹತ್ತೂವರೆಗೆ ನಾಲ್ಕಾದವು. ಹನ್ನೆರಡಕ್ಕೆ ಒಂದಾಯಿತು. ಆ ಒಂದು ಯಾವುದೆಂದು ಅವನಿಗೆ ಹದಿನಾಲ್ಕು ತಿಂಗಳಿಂದ ಗೊತ್ತಿತ್ತು. ಊಟದೆಲೆಯಲ್ಲಿ ಹಾಗಲಕಾಯಿ ಪಲ್ಯವನ್ನು ಬದಿಗೆ ಸರಿಸುವ ಹಾಗೆ ಅದನ್ನು ಸರಿಸುತ್ತಾ ಬಂದಿದ್ದ. ಈಗ ಎಲೆಯಲ್ಲಿ ಬೇರೇನೂ ಉಳಿದಿರಲಿಲ್ಲ.

“ಯಾವ್ದು ಅದು?” ಬೆನ್ನ ಹಿಂದೆ ನಿಂತಿದ್ದ ಭೀಮರಾಜ್ ಕೇಳಿದ.

“ಒಂದು ವಾಲ್ವ್.”

“ಏನಂತೆ ಅದಕ್ಕೆ?”

“ಯಾವುದಕ್ಕೂ ಸೇರಿಲ್ಲ.”

“ಸೇರ್ಸಿ.”

“ಸೇರ್ಸೋಕೆ ಅಲ್ಲಿ ಪೈಪ್ ಇಲ್ಲ.”

“ಹಾಗಾದ್ರೆ ತೆಗೀರಿ.”

ಭೀಮರಾಜ್ ಅವನಿಗಿಂತ ಆರು ವರ್ಷ ಚಿಕ್ಕವನು, ಅವನ ಮೇಲಧಿಕಾರಿ. ಜಗತ್ತಿನಲ್ಲಿ ಎರಡೇ ಬಗೆಯ ತೊಂದರೆಗಳಿವೆ, ಸೇರಿಸಿದರೆ ಹೋಗುವಂಥವು ಮತ್ತು ತೆಗೆದರೆ ಹೋಗುವಂಥವು ಎಂದು ನಂಬಿದವನು. ಐದು ಗಂಟೆಗೆ ನೀರಿನ ಕಚೇರಿಯವರು ಬಂದು ನೋಡುತ್ತಾರೆ, ಒಂದೇ ಒಂದು ಕೆಂಪು ಚುಕ್ಕೆಯೂ ಇರಕೂಡದು ಎಂದು ಹೇಳಿ ಕಾಫಿಗೆ ಹೊರಟ. ಹೊರಡುವಾಗ ಇನ್ನೊಂದನ್ನೂ ನೆನಪಿಸಿದ. ನಾಳೆಯಿಂದ ಯೋಗಾನಂದ ಕಂಪನಿಯ ಮಾಹಿತಿ ಗುಣಮಟ್ಟ ವಿಭಾಗದ ಮುಖ್ಯಸ್ಥ. ಬಾಗಿಲಿಗೆ ಹಾಕುವ ಫಲಕ ಆಗಲೇ ಬಂದಿತ್ತು. ಬಾಗಿಲು ಇನ್ನೂ ಬಂದಿರಲಿಲ್ಲ.

ಹೆಬ್ಬಾಳದ ಮೇಲ್ಸೇತುವೆ ಕಾಣುವ ಆ ನಾಲ್ಕನೆಯ ಮಹಡಿಯಲ್ಲಿ ಹದಿನಾಲ್ಕು ತಿಂಗಳಿಂದ ನಡೆದದ್ದು ಒಂದೇ ಕೆಲಸ. ಯಶವಂತಪುರದಿಂದ ಯಲಹಂಕದವರೆಗೆ ನೆಲದೊಳಗೆ ಹೂತಿರುವ ನೀರಿನ ಪೈಪು, ವಾಲ್ವು, ಮೀಟರುಗಳನ್ನು ಹಳೆಯ ನಕ್ಷೆಯಿಂದ ಎತ್ತಿ ಹೊಸ ಮಾದರಿಯ ನಕ್ಷೆಗೆ ಇಳಿಸುವುದು. ಹಳೆಯದು ಸಂಕೋಚದ ಸ್ವಭಾವದ್ದು. ಒಂದು ಚುಕ್ಕೆ ಇಟ್ಟರೆ ಅದು ಇಟ್ಟಲ್ಲೇ ಇರುತ್ತಿತ್ತು, ಯಾಕೆಂದು ಯಾರೂ ಕೇಳುತ್ತಿರಲಿಲ್ಲ. ಹೊಸದು ಹಾಗಲ್ಲ. ಹೆಣ್ಣು ನೋಡಲು ಬಂದವರ ಜೊತೆಗೆ ಬಂದ ಸೋದರತ್ತೆಯ ಹಾಗೆ ಒಂದೊಂದು ಚುಕ್ಕೆಯನ್ನೂ ಕೂರಿಸಿಕೊಂಡು ವಿಚಾರಿಸುತ್ತದೆ. ನೀನು ಯಾರ ಕಡೆಯವನು, ನಿನಗೆ ನೀರು ಎಲ್ಲಿಂದ ಬರುತ್ತದೆ, ನಿನ್ನಿಂದ ಯಾರಿಗೆ ಹೋಗುತ್ತದೆ? ಉತ್ತರವಿಲ್ಲದ ಚುಕ್ಕೆ ಕೆಂಪಾಗುತ್ತದೆ.

ಆ ಮಾದರಿಯಲ್ಲಿ ಸಂಬಂಧಗಳು ಮೂರೇ. ಒಂದಕ್ಕೊಂದು ಸೇರಿರಬೇಕು, ಇಲ್ಲವೇ ಒಂದರೊಳಗೊಂದು ಇರಬೇಕು, ಇಲ್ಲವೇ ಒಂದಕ್ಕೊಂದು ಅಂಟಿಕೊಂಡಿರಬೇಕು. ಆರನೆಯ ತಿಂಗಳ ಹೊತ್ತಿಗೆ ಯೋಗಾನಂದ ಮನುಷ್ಯರನ್ನೂ ಹೀಗೇ ವಿಂಗಡಿಸತೊಡಗಿದ್ದ. ಆರ್.ಟಿ. ನಗರದ ಬಸ್ಸಿನಲ್ಲಿ ಜನ ಅಂಟಿಕೊಂಡಿದ್ದರು. ವಿದ್ಯಾರಣ್ಯಪುರದ ತನ್ನ ಮನೆಯಲ್ಲಿ ತಾನು ಒಳಗಿದ್ದ. ಸೇರಿದ್ದಾನೋ ಇಲ್ಲವೋ ನೋಡೋಣವೆಂದು ಒಂದು ಭಾನುವಾರ ಹೆಂಡತಿ ನಾಗಲಕ್ಷ್ಮಿಯ ಜೊತೆ ಮಾತಿಗೆ ಕುಳಿತ. ಗ್ಯಾಸ್ ಬುಕ್ ಮಾಡಿದಿರಾ ಎಂದು ಅವಳು ಕೇಳಿದಳು. ಮಾಡಿದೆ ಎಂದ. ಮಾತು ಅಲ್ಲಿಗೆ ಮುಗಿಯಿತು. ಇಬ್ಬರಿಗೂ ಬೇಸರವಾಗಲಿಲ್ಲ, ಆಗಲಿಲ್ಲವಲ್ಲ ಎಂದು ಆಮೇಲೆ ಅವನಿಗೆ ಬೇಸರವಾಯಿತು.

ಅಳಿಸುವುದು ಒಂದು ಗುಂಡಿಯ ಕೆಲಸ. ಬೆರಳಿಟ್ಟ. ಒತ್ತುವ ಮೊದಲು ಚುಕ್ಕೆಯ ವಿವರಗಳನ್ನು ಒಮ್ಮೆ ತೋರಿಸುವುದು ಹೊಸ ಮಾದರಿಯ ಪದ್ಧತಿ, ಗಲ್ಲಿಗೆ ಮುನ್ನ ಹೆಸರು ಕೂಗುವ ಹಾಗೆ. ವಾಲ್ವ್ ಸಂಖ್ಯೆ ಅರವತ್ತು. ಸ್ಥಳ ಕೋಗಿಲು. ಗುರುತಿಸಿದವರು ಯೋಗಾನಂದ.

ಹನ್ನೊಂದು ವರ್ಷದ ಹಿಂದಿನ ಒಂದು ಏಪ್ರಿಲ್. ಎಂ.ಟೆಕ್. ಮುಗಿಸಿ ಸರ್ವೆ ಕೆಲಸಕ್ಕೆ ಸೇರಿದ ಹೊಸತು. ದಿನಕ್ಕೆ ಅರವತ್ತು ವಾಲ್ವ್ ಹುಡುಕಿ, ಕೈಯಲ್ಲಿದ್ದ ಯಂತ್ರದಲ್ಲಿ ಗುರುತು ಹಾಕಬೇಕೆಂದು ಕಟ್ಟಪ್ಪಣೆ. ಅಂದು ಐವತ್ತೊಂಬತ್ತು ಸಿಕ್ಕಿದ್ದವು. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಕೋಗಿಲಿನ ಒಂದು ಬೀದಿಯಲ್ಲಿ ಹೊಂಗೆ ಮರದ ಕೆಳಗೆ ಎಳನೀರಿನ ಗಾಡಿ ನಿಂತಿತ್ತು. ಎಳನೀರು ಕುಡಿದ, ಗಂಜಿಯನ್ನೂ ತಿಂದ, ಕುಳಿತಲ್ಲಿಯೇ ಗುಂಡಿ ಒತ್ತಿದ. ಅರವತ್ತಾಯಿತು. ಯಾರಾದರೂ ಕಂಡುಹಿಡಿದಾರೆಂದು ಒಂದು ವಾರ ಹೆದರಿದ್ದ. ಆಮೇಲೆ ಸಂಬಳ ಬಂತು, ಮರೆತ.

ಈಗ ಪರದೆಯ ಮೇಲೆ ವಿವರಗಳು ಅಲ್ಲಿಗೇ ನಿಲ್ಲಲಿಲ್ಲ. ವಾಲ್ವ್ ತಿರುಗಿಸುವವರು ಮುನಿವೆಂಕಟಯ್ಯ. ತಿರುಗಿಸುವ ದಿನ ಮಂಗಳವಾರ, ಶುಕ್ರವಾರ. ಒಂಬತ್ತು ವರ್ಷದಲ್ಲಿ ತಪ್ಪಿದ ದಿನಗಳು ಮೂರು. ಕೊನೆಯ ಬಾರಿ ತೆರೆದದ್ದು ಈ ಮಂಗಳವಾರ ಮಧ್ಯಾಹ್ನ ಮೂರೂ ನಲವತ್ತಕ್ಕೆ.

ಯೋಗಾನಂದ ಎರಡು ಸಲ ಓದಿದ. ಇಲ್ಲದ ವಾಲ್ವನ್ನು ಒಬ್ಬ ಮನುಷ್ಯ ವಾರಕ್ಕೆ ಎರಡು ಸಲ ತಿರುಗಿಸುತ್ತಿದ್ದಾನೆ. ಈ ವಾಲ್ವ್ ಮುಚ್ಚಿದರೆ ಎಷ್ಟು ಮನೆಗಳಿಗೆ ನೀರು ನಿಲ್ಲುತ್ತದೆ ಎಂದು ಹೊಸ ಮಾದರಿಯನ್ನೇ ಕೇಳಿದ. ಅದು ಸ್ವಲ್ಪ ಯೋಚಿಸಿ ಸೊನ್ನೆ ಎಂದಿತು.

ಇಂದು ಶುಕ್ರವಾರ. ಅವನು ಬೆರಳು ತೆಗೆದು ಎದ್ದ. ಸ್ಥಳ ನೋಡಿಕೊಂಡು ಬರುತ್ತೇನೆ ಎಂದಾಗ ಭೀಮರಾಜ್ ಕಾಫಿ ಲೋಟ ಹಿಡಿದು ಬೆರಗಾಗಿ ನೋಡಿದ. ನಕ್ಷೆಯಲ್ಲಿ ಇರುವುದನ್ನು ನೋಡಲು ಹೊರಗೆ ಹೋಗುವ ರೂಢಿ ಆ ಕಂಪನಿಯಲ್ಲಿ ಇರಲಿಲ್ಲ.

ಆಟೋ ಬಳ್ಳಾರಿ ರಸ್ತೆಯಲ್ಲಿ ವಿಮಾನ ಹಿಡಿಯುವವರ ಕಾರುಗಳ ನಡುವೆ ನುಸುಳುತ್ತಿದ್ದಾಗ ಅವನು ಅದೇ ಪ್ರಶ್ನೆಯನ್ನು ತನ್ನ ಮೇಲೆ ಪ್ರಯೋಗಿಸಿದ. ಈ ಯೋಗಾನಂದನನ್ನು ಮುಚ್ಚಿದರೆ ಏನೇನು ನಿಲ್ಲುತ್ತದೆ? ಮಗಳನ್ನು ಶಾಲೆಯ ವ್ಯಾನು ಕರೆದೊಯ್ಯುತ್ತದೆ. ಹಾಲು ಆ್ಯಪಿನಲ್ಲಿ ಬರುತ್ತದೆ. ಕರೆಂಟಿನ ಬಿಲ್ಲು ತಾನಾಗಿ ಹೋಗುತ್ತದೆ. ಕೆಲವರ ಮನೆಯಲ್ಲಿ ನಾಯಿಯಾದರೂ ಅನ್ನ ಬಿಡುತ್ತದೆ; ಅವರ ಮನೆಯಲ್ಲಿ ನಾಯಿ ಇರಲಿಲ್ಲ. ಗ್ಯಾಸ್ ಬುಕ್ ಮಾಡುವುದು ನಿಲ್ಲಬಹುದು ಎಂದು ಹೊಳೆದಾಗ ಅವನಿಗೆ ನಾಚಿಕೆಯಾಗುವಷ್ಟು ಸಮಾಧಾನವಾಯಿತು.

ಕೋಗಿಲಿನ ಆ ಬೀದಿಯಲ್ಲಿ ಹೊಂಗೆ ಮರ ಹೋಗಿ ಮೊಬೈಲ್ ರಿಪೇರಿ ಅಂಗಡಿ ಬಂದಿತ್ತು. ಎಳನೀರಿನ ಗಾಡಿ ಇರಲಿಲ್ಲ. ಅವನು ಅಂದು ಕುಳಿತಿದ್ದ ಜಾಗದಲ್ಲಿ, ಸರಿಯಾಗಿ ಅದೇ ಜಾಗದಲ್ಲಿ, ನೆಲದ ಮಟ್ಟಕ್ಕೆ ಒಂದು ಕಬ್ಬಿಣದ ಮುಚ್ಚಳ. ಮುಚ್ಚಳಕ್ಕೆ ಅರಿಶಿನ ಕುಂಕುಮ ಹಚ್ಚಿ ಮೇಲೆ ಚೆಂಡು ಹೂವಿಟ್ಟಿದ್ದರು. ಬಿಸಿಲಿನಲ್ಲಿ ಬೇಸತ್ತು ಒತ್ತಿದ ಒಂದು ಗುಂಡಿ ಕಬ್ಬಿಣವಾಗಿ, ಸಿಮೆಂಟಾಗಿ, ಪೂಜೆ ಮಾಡಿಸಿಕೊಳ್ಳುತ್ತಿತ್ತು. ಅವನಿಗೆ ಮೊದಲು ನಗು ಬಂತು, ಆಮೇಲೆ ಯಾರಾದರೂ ನೋಡಿದರೇ ಎಂದು ಸುತ್ತ ನೋಡಿದ.

ಮುಚ್ಚಳದ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದವನು ಎದ್ದು ನಿಂತು ಕೈ ಮುಗಿದ. ಐವತ್ತೆಂಟರ ಆಸುಪಾಸು, ಇಸ್ತ್ರಿ ಮಾಡಿದ ಖಾಕಿ ಶರ್ಟು. ಮುನಿವೆಂಕಟಯ್ಯ ತಾನೇ ಎಂದು ಹೇಳಿಕೊಂಡ. ಕುತ್ತಿಗೆಯಲ್ಲಿ ಗುರುತಿನ ಚೀಟಿ ನೇತುಹಾಕಿಕೊಂಡವರೆಲ್ಲ ಅವನಿಗೆ ಆಫೀಸರುಗಳೇ. ಕುರ್ಚಿಯನ್ನು ಟವಲಿನಿಂದ ಒರೆಸಿ ಯೋಗಾನಂದನ ಕಡೆಗೆ ತಳ್ಳಿದ.

ಕುರ್ಚಿಯಲ್ಲಿ ಕುಳಿತೇ ಯೋಗಾನಂದ ವಾಲ್ವಿನ ಹುಟ್ಟಿನ ಕತೆ ಕೇಳಿದ. ಒಂಬತ್ತು ವರ್ಷದ ಹಿಂದೆ ಹಳೆಯ ವಾಲ್ವುಗಳನ್ನೆಲ್ಲ ಕಿತ್ತು ಹೊಸವನ್ನು ಹಾಕುವ ಕಾಮಗಾರಿ ಬಂತು. ಕಂಟ್ರಾಕ್ಟರ ಕಡೆಯವರು ನಕ್ಷೆ ಹಿಡಿದು ಬಂದು ಇಲ್ಲಿ ಅಗೆದರು. ಏನೂ ಸಿಗಲಿಲ್ಲ. ಹಳೆಯದನ್ನು ಯಾರೋ ಕದ್ದಿರಬೇಕೆಂದು ತೀರ್ಮಾನಿಸಿದರು. ನಕ್ಷೆಯಲ್ಲಿ ಇದೆಯೆಂದ ಮೇಲೆ ಹೊಸದರ ಫೋಟೋ ಬೇಕೇ ಬೇಕು. ಆಚೆಗೊಂದು ಮೊಳ ಈಚೆಗೊಂದು ಮೊಳ ಪೈಪು ಸಿಕ್ಕಿಸಿ ವಾಲ್ವ್ ಕೂರಿಸಿ, ಫೋಟೋ ತೆಗೆದು, ಗುಂಡಿಯ ಮೇಲೆ ಮುಚ್ಚಳ ಹಾಕಿ ಹೋದರು. ವಾಲ್ವ್ ಇದ್ದ ಮೇಲೆ ತಿರುಗಿಸುವವನು ಬೇಕು. ಹಳೇ ಊರಿನವನು, ಮನೆ ಪಕ್ಕದಲ್ಲೇ, ಎಂದು ಮುನಿವೆಂಕಟಯ್ಯನಿಗೆ ಕೆಲಸ ಕೊಟ್ಟರು.

“ಈ ವಾಲ್ವಿಗೆ ಪೈಪ್‌ಲೈನೇ ಇಲ್ಲ. ಗೊತ್ತಾ ನಿಮಗೆ?” ಯೋಗಾನಂದ ತಗ್ಗಿದ ದನಿಯಲ್ಲಿ ಕೇಳಿದ.

“ಗೊತ್ತು ಸಾ.”

“ಯಾವಾಗಿಂದ?”

“ಎಲ್ಡ್ನೇ ವಾರ್ದಿಂದ. ವಾಲ್ವ್ ತಿರ್ಗಿಸೋ ಕೀಗೆ ಕಿವಿ ಕೊಟ್ರೆ ನೀರು ಓಗೋ ಸದ್ದು ಕೇಳ್ಬೇಕು ಸಾ. ಕೇಳ್ಲಿಲ್ಲ.”

“ಯಾರಿಗೂ ಹೇಳಲಿಲ್ವಾ?”

“ಯಾರೂ ಕೇಳ್ಲಿಲ್ಲ.”

ನಿಜವಾದ ವಾಲ್ವ್ ಇರುವುದು ಮೇಲಿನ ರಸ್ತೆಯ ತಿರುವಿನಲ್ಲಿ, ಅದನ್ನು ತಿರುಗಿಸುವವನು ಖಾದರ್ ಬಾಷಾ. ಖಾದರ್ ತೆರೆಯುವ ಮುಂಚೆ ಒಂದು ಮಿಸ್ಡ್ ಕಾಲ್ ಕೊಡುತ್ತಾನೆ. ಆಗ ಮುನಿವೆಂಕಟಯ್ಯ ಇಲ್ಲಿ ಕೀ ಹಾಕಿ ತಿರುಗಿಸುತ್ತಾನೆ, ಬೀದಿಯ ಎರಡು ನಲ್ಲಿಗಳಲ್ಲಿ ನೀರು ಬರುತ್ತದೆ. ಮುಚ್ಚುವಾಗ ಇನ್ನೊಂದು ಮಿಸ್ಡ್ ಕಾಲ್. ಒಂಬತ್ತು ವರ್ಷದಲ್ಲಿ ಒಮ್ಮೆ ಖಾದರನ ಫೋನು ಕೆಟ್ಟು, ಇವನು ತಿರುಗಿಸುವ ಮೊದಲೇ ನೀರು ಬಂದು ಮರ್ಯಾದೆ ಹೋಗುವುದರಲ್ಲಿತ್ತಂತೆ. ಕಳೆದ ಸಲದ ನೀರು ಪೈಪಿನಲ್ಲಿ ಉಳಿದಿತ್ತು ಎಂದು ಹೇಳಿ ಪಾರಾದನಂತೆ.

ಇದು ಮೋಸ ಎಂದು ಯೋಗಾನಂದ ಅಂದುಕೊಂಡ. ಅಷ್ಟರಲ್ಲಿ ಬೀದಿಯವರು ಕೊಡಗಳನ್ನು ತಂದು ಸಾಲಿಡತೊಡಗಿದರು. ಮುನಿವೆಂಕಟಯ್ಯ ಕುಳಿತಲ್ಲಿಂದಲೇ ನಾಲ್ಕು ಕೊಡಗಳನ್ನು ಆಚೀಚೆ ಮಾಡಿಸಿದ. ಬಾಣಂತಿ ಇರುವ ಮನೆಯದು ಮುಂದಕ್ಕೆ. ಕಳೆದ ಸಲ ಎರಡು ಕೊಡ ಹೆಚ್ಚು ಹಿಡಿದವರದು ಹಿಂದಕ್ಕೆ. ಯಾರೂ ಎದುರಾಡಲಿಲ್ಲ. ಎದುರು ಮನೆಯ ಲಕ್ಷ್ಮಿದೇವಮ್ಮ ಇಬ್ಬರಿಗೂ ಕಾಫಿ ತಂದುಕೊಟ್ಟು, ಈ ಅಣ್ಣ ಬರುವ ಮುಂಚೆ ಇಲ್ಲಿ ವಾರಕ್ಕೊಂದು ಕೊಡ ಒಡೆಯುತ್ತಿತ್ತು, ಒಂದು ಸಲ ತನ್ನ ತಲೆಯೂ ಒಡೆದಿತ್ತು ಎಂದು ಬೈತಲೆಯ ಪಕ್ಕದ ಗಾಯದ ಗುರುತು ತೋರಿಸಿದಳು. ನೀರು ಯಾವಾಗ ಬರುತ್ತದೆ ಎಂದು ಯಾರಿಗೂ ಗೊತ್ತಿಲ್ಲದ ಕಾಲವದು. ಈಗ ಕೀ ಹಿಡಿದವನು ಒಬ್ಬ ಇದ್ದಾನೆ, ಕೇಳಿದರೆ ಹೇಳುತ್ತಾನೆ.

ಕಾಫಿ ಚೆನ್ನಾಗಿತ್ತು. ಅವನಿಗೆ ಇನ್ನಷ್ಟು ಕಷ್ಟವಾಯಿತು.

ಲಕ್ಷ್ಮಿದೇವಮ್ಮ ಲೋಟ ತೆಗೆದುಕೊಂಡು ಹೋದ ಮೇಲೆ ಯೋಗಾನಂದ ಗಂಟಲು ಸರಿಮಾಡಿಕೊಂಡು ವಿಷಯ ತಿಳಿಸಿದ. ಕಂಪ್ಯೂಟರು ಹೊಸದಾಗಿದೆ. ಐದು ಗಂಟೆಯೊಳಗೆ ಈ ವಾಲ್ವ್ ಯಾವುದಕ್ಕಾದರೂ ಸೇರಬೇಕು, ಇಲ್ಲವೇ ಹೋಗಬೇಕು.

ಮುನಿವೆಂಕಟಯ್ಯ ಜೇಬಿನಿಂದ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಒಂದು ಕಾಗದ ತೆಗೆದ. ಕಾಯಂ ಆಗುವವರ ಪಟ್ಟಿ. ಇಪ್ಪತ್ತೆರಡನೆಯ ಹೆಸರು ಅವನದು, ಮುಂದೆ ಕೆಲಸದ ಸ್ಥಳ ಎಂಬಲ್ಲಿ ವಾಲ್ವ್ ಸಂಖ್ಯೆ ಅರವತ್ತು. ಆದೇಶ ಬರುವುದು ಮುಂದಿನ ತಿಂಗಳು.

“ವಾಲ್ವೇ ಇಲ್ಲ ಅಂದ್ಮೇಲೆ ನಾನೆಲ್ಲಿರ್ತೀನಿ ಸಾ?”

“ನನ್ನ ಕೈಯಲ್ಲಿ ಏನೂ ಇಲ್ಲ. ಅದು ಕೇಳುತ್ತೆ, ಈ ವಾಲ್ವ್ ಎಲ್ಲಿಗೆ ಸೇರಿದೆ ಅಂತ.”

“ಈ ಬೀದಿಗೆ ಸೇರೈತೆ ಅಂತ ಬರ್ಕೊಳಿ.”

ಹಾಗೆ ಬರೆಯಲು ಅದರಲ್ಲಿ ಜಾಗವಿರಲಿಲ್ಲ. ಆದರೆ ಬೇರೆ ದಾರಿ ಇತ್ತು, ಅದು ಯೋಗಾನಂದನಿಗೆ ಆಟೋ ಇಳಿಯುವ ಮೊದಲೇ ಹೊಳೆದಿತ್ತು. ಮೇಲಿನ ರಸ್ತೆಯ ಪೈಪಿನಿಂದ ಈ ವಾಲ್ವಿನವರೆಗೆ ಪರದೆಯ ಮೇಲೆ ಒಂದು ಗೆರೆ ಎಳೆದರೆ ಸಾಕು, ಕೆಂಪು ಚುಕ್ಕೆ ಹಸಿರಾಗುತ್ತದೆ. ಯಾರೂ ಬಂದು ಅಗೆದು ನೋಡುವುದಿಲ್ಲ. ಮೊದಲ ಸುಳ್ಳು ಸೋಮಾರಿತನದಿಂದ ಹೇಳಿದ್ದು, ಎರಡನೆಯದನ್ನು ಕರುಣೆಯಿಂದ ಹೇಳಬಹುದು. ಎರಡಕ್ಕೂ ನಕ್ಷೆಯಲ್ಲಿ ಒಂದೇ ಬಣ್ಣ. ಆದರೆ ನಾಳೆಯಿಂದ ಅವನು ಗುಣಮಟ್ಟದ ಮುಖ್ಯಸ್ಥ, ಇಡೀ ಉತ್ತರ ಬೆಂಗಳೂರಿನ ನೆಲದೊಳಗಿನ ಸತ್ಯಕ್ಕೆಲ್ಲ ಅವನೇ ಜವಾಬ್ದಾರ. ಮೊದಲ ಕೆಲಸವಾಗಿ ಒಂದು ಸುಳ್ಳು ಪೈಪು ಹೂಳುವುದೇ? ಅಥವಾ ತನ್ನ ತಪ್ಪನ್ನು ತಿದ್ದಿಕೊಳ್ಳಲು ಈ ಮನುಷ್ಯನನ್ನು ಅಳಿಸುವುದೇ? ತಿದ್ದಿಕೊಂಡರೆ ತಾನು ಶುದ್ಧನಾಗುತ್ತೇನೆ ಎಂಬುದೇ ಅವನಿಗೆ ಅಸಹ್ಯವೆನಿಸಿತು.

“ಯಾರೋ ನಕ್ಷೇಲಿ ತಪ್ಪಾಗಿ ಚುಕ್ಕೆ ಇಟ್ಟಿದ್ದಾರೆ,” ಎಂದ, ಯಾರೋ ಎಂಬುದನ್ನು ಒತ್ತಿ.

“ಯಾವನೋ ಪುಣ್ಯಾತ್ಮ ಸಾ. ಅವನು ತಪ್ಪು ಮಾಡಿದ್ದಕ್ಕೆ ನನ್ ಮಗಳು ಮೋನಿಷಾ ಬಿ.ಕಾಂ. ಮಾಡಿದ್ಲು. ಆಯುಧಪೂಜೇಲಿ ಅವನ ಎಸ್ರಲ್ಲೂ ಒಂದು ಕುಂಬಳಕಾಯಿ ಒಡೀತೀನಿ. ಎಸ್ರು ಗೊತ್ತಿಲ್ಲ ನೋಡಿ, ಪುಣ್ಯಾತ್ಮ ಅಂತೀನಿ ಅಷ್ಟೆ.”

ಯೋಗಾನಂದನ ಮುಖ ಬಿಸಿಯಾಯಿತು. ನಾನೇ ಅದು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅವನು ಬರೆದ ವರದಿಗಳಿಗೆ ಪ್ರಶಸ್ತಿಪತ್ರ ಬಂದಿತ್ತು, ಅವನು ಹುಡುಕಿದ ಸಾವಿರಾರು ನಿಜವಾದ ವಾಲ್ವುಗಳಿಗೆ ಯಾರೂ ಕುಂಬಳಕಾಯಿ ಒಡೆದಿರಲಿಲ್ಲ. ಜಗತ್ತಿನಲ್ಲಿ ತನ್ನನ್ನು ನೆನೆಯುವ ಒಬ್ಬನೇ ಒಬ್ಬ ಎದುರಿಗೆ ನಿಂತಿದ್ದಾನೆ, ಅವನಿಗೆ ಹೆಸರು ಹೇಳುವಂತಿಲ್ಲ. ಹೇಳಿದರೆ ಪುಣ್ಯಾತ್ಮನೇ ವಾಲ್ವ್ ಕೀಳಲು ಬಂದವನು ಎಂದೂ ಹೇಳಬೇಕಾಗುತ್ತದೆ. ಬಾಯಿ ಮುಚ್ಚಿಕೊಂಡ. ಹೊಟ್ಟೆಕಿಚ್ಚಾಯಿತು, ಆ ಹೆಸರಿಲ್ಲದ ಪುಣ್ಯಾತ್ಮನ ಮೇಲೆ.

ಫೋನು ಬಂತು. ಭೀಮರಾಜ್.

“ಏನಾಯ್ತು? ಸೇರ್ಸೋದಾ, ತೆಗೆಯೋದಾ? ನಾನೇ ಮಾಡ್ತೀನಿ, ಬಾಯಲ್ಲಿ ಹೇಳಿ ಸಾಕು.”

“ನೋಡ್ತಾ ಇದೀನಿ.”

“ನೋಡೋದೇನಿದೆ? ವಾಲ್ವ್ ಇದೆಯಾ, ಇಲ್ವಾ?”

“ಇದೆ.”

“ಪೈಪ್?”

“ಹತ್ತು ನಿಮಿಷ ಬಿಟ್ಟು ಹೇಳ್ತೀನಿ,” ಎಂದು ಇಟ್ಟ.

ಮುನಿವೆಂಕಟಯ್ಯನ ಫೋನು ಒಂದು ಸಲ ಕೂಗಿ ನಿಂತಿತು. ಖಾದರ್ ಬಾಷಾ. ಬೀದಿಯಲ್ಲಿ ಗದ್ದಲ ತಾನಾಗಿ ಅಡಗಿತು. ಮುನಿವೆಂಕಟಯ್ಯ ಹೂವನ್ನು ಎತ್ತಿ ಪಕ್ಕಕ್ಕಿಟ್ಟು, ಮುಚ್ಚಳ ತೆಗೆದು, ಕೀಯನ್ನು ಗುಂಡಿಗೆ ಇಳಿಸಿದ. ಕೀ ಎಂದರೆ ಎದೆಯೆತ್ತರದ ಕಬ್ಬಿಣದ ಸರಳು, ಮೇಲ್ತುದಿಗೆ ಅಡ್ಡಲಾಗಿ ಹಿಡಿ. ಅಷ್ಟರಲ್ಲಿ ಲಕ್ಷ್ಮಿದೇವಮ್ಮ ಸಾಲಿನಿಂದ ಕೂಗಿ ಹೇಳಿದಳು, ಆಫೀಸಿನಿಂದ ದೊಡ್ಡವರು ಬಂದಿದ್ದಾರಲ್ಲ, ಇವತ್ತು ಅವರ ಕೈಯಲ್ಲೇ ನೀರು ಬಿಡಿಸಬೇಕು. ಹೌದು ಹೌದು ಎಂದರು ಉಳಿದವರು. ಮುನಿವೆಂಕಟಯ್ಯ ಟವಲಿನಿಂದ ಹಿಡಿ ಒರೆಸಿ ಯೋಗಾನಂದನಿಗೆ ಕೊಟ್ಟ.

ಕೊಡುವಾಗ ಹತ್ತಿರ ಬಾಗಿ ಅವನಿಗೆ ಮಾತ್ರ ಕೇಳುವಂತೆ ಹೇಳಿದ. “ಅದ್ನಾಲ್ಕು ಸುತ್ತು ಸಾ. ಬೇರೆ ವಾಲ್ವ್ ಆದ್ರೆ ಅದೇ ಬಿಗಿಯಾಗಿ ನಿಲ್ಸುತ್ತೆ. ಇದರ ಥ್ರೆಡ್ಡು ಸವೆದೋಗೈತೆ, ನಿಲ್ಸಲ್ಲ. ನಾವೇ ನಿಲ್ಲಬೇಕು.”

ಯೋಗಾನಂದ ತಿರುಗಿಸಿದ. ಮೊದಲ ಸುತ್ತಿಗೆ ಕೈ ಒಗ್ಗಲಿಲ್ಲ. ಎರಡನೆಯದಕ್ಕೆ ಕೀಯ ಸುತ್ತ ನಡೆಯುವುದು ಸುಲಭ ಎಂದು ಗೊತ್ತಾಯಿತು. ನಾಲ್ಕನೆಯ ಸುತ್ತಿಗೆ ಬೀದಿಯ ನಲ್ಲಿಗಳು ಗೊರಗೊರ ಎಂದು ಗಾಳಿ ಕಕ್ಕಿದವು. ಐದನೆಯದಕ್ಕೆ ನೀರು ಬಿತ್ತು. ಖಾಲಿ ಕೊಡಕ್ಕೆ ನೀರು ಬೀಳುವ ದೊಡ್ಡ ಸದ್ದು, ಆಮೇಲೆ ಹೆಂಗಸರ ದನಿಗಳು. ಅದು ಖಾದರ್ ಬಾಷಾನ ನೀರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವನಿಗೆ ಸಂತೋಷವಾಯಿತು. ಹದಿನಾಲ್ಕು ತಿಂಗಳಲ್ಲಿ, ಲೆಕ್ಕ ಹಾಕಿದರೆ ಅದಕ್ಕಿಂತ ಎಷ್ಟೋ ಹೆಚ್ಚು ಕಾಲದಲ್ಲಿ, ಅಷ್ಟು ಸಂತೋಷವಾಗಿರಲಿಲ್ಲ.

ಹನ್ನೊಂದನೆಯ ಸುತ್ತಿಗೆ ಜೇಬಿನಲ್ಲಿ ಫೋನು ನಡುಗತೊಡಗಿತು. ಹದಿನಾಲ್ಕಾಯಿತು. ಸಾಕು ಸಾ, ಎಂದ ಮುನಿವೆಂಕಟಯ್ಯ.

ನಿಲ್ಲಿಸಿದರೆ ಕೈ ಖಾಲಿಯಾಗುತ್ತದೆ. ಕೈ ಖಾಲಿಯಾದರೆ ಫೋನು ತೆಗೆಯಬೇಕು. ತೆಗೆದರೆ ಎರಡರಲ್ಲಿ ಒಂದು ಮಾತು ಹೇಳಬೇಕು. ಯೋಗಾನಂದ ಹದಿನೈದನೆಯ ಸುತ್ತು ತಿರುಗಿಸಿದ.

ಸಾಕು ಸಾ, ನೀರು ಬಂತು, ಎಂದು ಮುನಿವೆಂಕಟಯ್ಯ ಇನ್ನೊಂದು ಸಲ ಹೇಳಿದ. ಇಪ್ಪತ್ತು. ಮೂವತ್ತು. ಫೋನು ನಿಂತು ಮತ್ತೆ ಶುರುವಾಯಿತು. ಯಾರೋ ನಕ್ಕರು. ಲಕ್ಷ್ಮಿದೇವಮ್ಮ ತುಂಬಿದ ಕೊಡವನ್ನು ಸೊಂಟಕ್ಕೇರಿಸಿಕೊಂಡು ಅವನನ್ನು ಒಂದು ಕ್ಷಣ ನೋಡಿ ಒಳಗೆ ಹೋದಳು. ಬಾಣಂತಿಯ ಮನೆಯವರು ಹೋದರು. ಕೊಡಗಳ ಸಾಲು ಕರಗುತ್ತಾ ಬಂತು. ಮುನಿವೆಂಕಟಯ್ಯ ಹಿಡಿಯ ಮೇಲೆ ಕೈಯಿಟ್ಟ, ಆಫೀಸರ ಕೈಯನ್ನು ಹಿಡಿದು ನಿಲ್ಲಿಸುವುದು ಹೇಗೆಂದು ತಿಳಿಯದೆ ತೆಗೆದ, ಕುರ್ಚಿಗೆ ಹೋಗಿ ಕುಳಿತ. ಯೋಗಾನಂದ ಎಣಿಸುವುದನ್ನು ಬಿಟ್ಟಿದ್ದ.

ಖಾದರನ ಇನ್ನೊಂದು ಮಿಸ್ಡ್ ಕಾಲ್ ಬಂತು. ಸ್ವಲ್ಪ ಹೊತ್ತಿಗೆ ನಲ್ಲಿಗಳ ಧಾರೆ ಸಣ್ಣದಾಗಿ, ಹನಿಯಾಗಿ, ನಿಂತಿತು. ಬೀದಿಯ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು.

ಗಾರ್ಮೆಂಟ್ಸ್ ಕೆಲಸದಿಂದ ಆಗಷ್ಟೇ ಬಂದ ಹೆಂಗಸೊಬ್ಬಳು, ಕೈಯಲ್ಲಿ ಊಟದ ಡಬ್ಬಿ ಇನ್ನೂ ಹಾಗೇ ಇತ್ತು, ಖಾಲಿ ಕೊಡ ಹಿಡಿದು ಓಡಿ ಬಂದಳು. ಒಣಗಿದ ನಲ್ಲಿಯನ್ನು ನೋಡಿದಳು. ಆಮೇಲೆ, ಬೆವರಿನಲ್ಲಿ ತೊಯ್ದು ಕೀಯ ಸುತ್ತ ನಡೆಯುತ್ತಲೇ ಇರುವ ಆಫೀಸರನ್ನು ನೋಡಿದಳು. ಅವಳ ಮುಖದಲ್ಲಿ ಸಮಾಧಾನ ಕಾಣಿಸಿತು. ಕೊಡವನ್ನು ನಲ್ಲಿಯ ಕೆಳಗೆ ಸರಿಯಾಗಿ ಇಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಕಾಯುತ್ತಾ ಅಲ್ಲೇ ಕುಳಿತಳು.